ಅತ್ತಿಗೆಯ ಬಗ್ಗದ ಮಂಡಿ

ಅತ್ತಿಗೆ, ನಿಮ್ಮ ಬಲಗಾಲಿನ ಮಂಡಿ ಬಗ್ಗದೆ ಹೋಗಿದ್ದು ನನ್ನಿಂದ. ನಾನು ಹೇಳಿದ ಒಂದು ಸುಳ್ಳಿನಿಂದ. ಇಷ್ಟು ವರ್ಷ ನಿಮ್ಮ ಮುಖ ನೋಡಿಕೊಂಡು, ನೀವು ಬಡಿಸಿದ್ದನ್ನು ಉಂಡುಕೊಂಡು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಇನ್ನು ಆಗುವುದಿಲ್ಲ.

ನೀವು ನಮ್ಮಣ್ಣನ ಕೈಹಿಡಿದು ಬಂದಾಗ ನಾನು ಮೂಗು ಒರೆಸಿಕೊಳ್ಳಲೂ ಬಾರದ, ಲಂಗ ಹಾಕುತ್ತಿದ್ದ ಹುಡುಗಿ. ಅವ್ವ ಆಗಲೇ ಇರಲಿಲ್ಲ. ರೇಷ್ಮೆ ಹುಳು ಸಾಕುವ ಮನೆ; ಬೆಳಗಾಗುವುದರೊಳಗೆ ಹಿಪ್ಪುನೇರಳೆ ಸೊಪ್ಪು ಕುಯ್ದು ಹೊರೆ ತರಬೇಕು. ನೀವು ದೊಡ್ಡ ಹೊರೆ, ನಾನು ಪುಟ್ಟ ಹೊರೆ. ಹೊರೆ ಮನೆಗೆ ಸಾಗಿಸಲು ಇದ್ದದ್ದು ಸಾತನೂರಿಗೆ ಹೋಗುವ ಬಸ್ಸೊಂದೇ; ಅದರ ಸದ್ದು ಕೇಳಿತೋ ಇಲ್ಲವೋ, ನೀವು ಸೀರೆ ಎತ್ತಿ ಕಟ್ಟಿ ಬದುವಿನ ಮೇಲೆ ಓಡುತ್ತಿದ್ದಿರಿ. ಹಿಂದೆ ಏದುಸಿರು ಬಿಡುತ್ತ ನಾನು. “ಓಡೇ ಮೂದೇವಿ, ನಿಂತ್ಕಳಕ್ಕೆ ಬಸ್ಸೇನು ನಿಮ್ಮಪ್ಪಂದಾ?” ಎಂದು ಬಯ್ಯುತ್ತಲೇ ಕೈ ಚಾಚುತ್ತಿದ್ದಿರಿ. ಆ ಬೈಗುಳ ಈಗಲೂ ಕಿವಿಗೆ ಇಂಪು. ನಿಮ್ಮಷ್ಟು ಬಿರಬಿರನೆ ನಡೆಯುವ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಚನ್ನಪಟ್ಟಣಕ್ಕೆ ನನ್ನನ್ನು ಮದುವೆ ಮಾಡಿ ಕೊಟ್ಟ ಮೇಲೆ ನನ್ನ ಎರಡೂ ಬಾಣಂತನ ಮಾಡಿದವರು ನೀವೇ. ಕಾಲು ನೆಲಕ್ಕೆ ಸೋಕಲು ಬಿಡಲಿಲ್ಲ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೈಗೆ ಸುಡುಸುಡು ನೀರು, ಉಣ್ಣಲು ಮೆಣಸಿನ ಸಾರು. ಎದ್ದು ನಿಂತರೆ “ಹಸಿ ಮೈ ಕಣೇ, ಮಲೀಕೋ” ಎಂಬ ಗದರಿಕೆ. ಪ್ರೀತಿ ಎಂದರೆ ಏನು ಎಂದು ನಾನು ಕಲಿತದ್ದು ಆ ಕತ್ತಲೆ ಕೋಣೆಯಲ್ಲಿ, ಮಲಗಿಕೊಂಡೇ.

ಅದಕ್ಕೇ ನಿಮ್ಮ ಮಂಡಿ ಸವೆದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಹೊಸ ಕೀಲು ಕೂರಿಸಿದಾಗ, ನಾನೇ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ನಿಮ್ಮ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಸಮಯ, ಯಾರಿಗೂ ಬಿಡುವಿರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಹುಡುಗಿ ಹೊರಡುವಾಗ ನನಗೆ ಒತ್ತಿ ಒತ್ತಿ ಹೇಳಿದ್ದಳು: “ಅಳ್ತಾರೆ ಆಂಟಿ, ಅತ್ರೂ ಬಿಡಬೇಡಿ. ಈಗ ಬಗ್ಗಿದ್ರೇನೇ ಬಗ್ಗೋದು. ಮಂಡಿ ಕೆಳಗೆ ದಿಂಬು ಮಾತ್ರ ಇಡಲೇಬೇಡಿ.”

ನಿಮ್ಮನ್ನು ನನ್ನ ಮನೆಗೆ ಕರೆತಂದವಳೇ ನಾನು ದಿಂಬು ಇಟ್ಟೆ. ಮೊದಲ ದಿನ ಕಾಲು ಮಡಿಸಲು ಹೋದಾಗ ನೀವು ಸೆರಗು ಕಚ್ಚಿ ಅತ್ತಿರಲ್ಲ — ಹೊರೆ ಹೊತ್ತು ಓಡುತ್ತಿದ್ದ ನೀವು — ನನ್ನಿಂದ ನೋಡಲಾಗಲಿಲ್ಲ. “ಬ್ಯಾಡ ಬುಡಿ ಅತ್ತಿಗಮ್ಮ, ಹಸಿ ಮೈ” ಎಂದೆ. ಕಿವಿಗೆ ಹತ್ತಿ ಇಟ್ಟೆ, ಮೆಣಸಿನ ಸಾರು ಕಾಯಿಸಿದೆ. ಮಂಡಿಗೆ ಬಾಣಂತನ ಮಾಡಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು!

ಇಷ್ಟೇ ಆಗಿದ್ದರೆ ದಡ್ಡತನ ಎನ್ನಬಹುದಿತ್ತು. ಆದರೆ ಆ ಹುಡುಗಿ ಫೋನು ಮಾಡಿದಳು. ನಾನು ಹಿತ್ತಲಿಗೆ ಹೋಗಿ, “ದಿನಾ ಮಾಡ್ತಾವ್ರೆ ಕಣಮ್ಮ, ಚೆನ್ನಾಗಿ ಬಗ್ತೈತೆ” ಎಂದೆ. ಒಳಗೆ ಬಂದಾಗ ನೀವು ಕೇಳಿದಿರಿ, “ಏನಂದ್ಲೇ ಕಮಲಾ? ಕಾಲು ಮಡಿಸ್ಬೇಕಂತಾ?”

“ಗಾಯ ಪೂರಾ ಒಣಗೋಗಂಟ ಸುಮ್ಕೆ ಮಲಗಿರಿ ಅಂದ್ಲು.”

ಆ ಸುಳ್ಳು ಇದೇ. ನೀವು ನಂಬಿದಿರಿ, ಯಾಕೆಂದರೆ ಹೇಳಿದ್ದು ನಾನು.

ಯಾಕೆ ಹೇಳಿದೆ? ನಿಮ್ಮ ನೋವು ನೋಡಲಾರದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ — ಮದುವೆಯಾದಂದಿನಿಂದ ನೀವು ನನ್ನ ಮನೆಗೆ ಬಂದರೆ ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದಿರಿ. ಹುಳುವಿಗೆ ಸೊಪ್ಪು, ಹಸುವಿಗೆ ಹುಲ್ಲು, ಎಲ್ಲಕ್ಕೂ ನೀವೇ ಬೇಕು. ಈಗ ನೀವು ನನ್ನ ಮಂಚದ ಮೇಲೆ ಇದ್ದಿರಿ. ಮಧ್ಯಾಹ್ನ ನಿಮ್ಮ ತಲೆ ಬಾಚುತ್ತ, ಹಳೆಯದನ್ನೆಲ್ಲ ತೆಗೆದು ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದೆವು. ನಡೆಯಲು ಬಂದರೆ ನೀವು ಹೊರಟುಬಿಡುತ್ತೀರಿ ಎಂದು... ಛೆ, ಬರೆಯಲೂ ನಾಚಿಕೆಯಾಗುತ್ತದೆ. ಡಾಕ್ಟರು ಬರಹೇಳಿದ್ದ ದಿನವನ್ನೂ ನೆಪ ಹೇಳಿ ಮುಂದೂಡಿದೆ. ಗಾಯ ಪೂರಾ ಒಣಗಿದ ಮೇಲೆ ಹೆಸರಿಗೆ ಒಂದಿಷ್ಟು ಕಾಲು ಮಡಿಸಲು ಶುರು ಮಾಡಿದೆ; ಅಷ್ಟರಲ್ಲಿ ಅದು ಬಿಗಿದುಹೋಗಿತ್ತು.

ಕೊನೆಗೆ ಹೋದಾಗ ಡಾಕ್ಟರು ಕಾಲು ಹಿಡಿದು ಮಡಿಸಲು ನೋಡಿದರು. ಮರದ ಕೊರಡಿನ ಹಾಗಿತ್ತು. ವ್ಯಾಯಾಮ ಮಾಡಿದರೇ ಎಂದು ಅವರು ಕೇಳಿದಾಗ ನೀವು ಬಾಯಿ ತೆರೆಯುವ ಮೊದಲೇ ನಾನು ಹೂಂ ಎಂದೆ. ಹೇಳಿದಂತೆ ಗಾಯ ಒಣಗಿದ ಮೇಲೆ ಶುರು ಮಾಡಿದ್ದೇವಲ್ಲ ಎಂದು ನೀವೂ ತಲೆಯಾಡಿಸಿದಿರಿ. ಕೆಲವರಿಗೆ ಒಳಗಿನ ಗಾಯ ಹೀಗೆ ಬಿಗಿದುಕೊಳ್ಳುತ್ತದೆ, ಇನ್ನೊಮ್ಮೆ ಮತ್ತು ಬರಿಸಿ ಮಡಿಸಿ ನೋಡೋಣ ಎಂದರು ಅವರು. “ಇನ್ನೊಂದ್ಸಲಿ ಆ ಟೇಬಲ್ ಹತ್ತಕಿಲ್ಲ” ಎಂದುಬಿಟ್ಟಿರಿ. ಅಂದಿನಿಂದ ನಿಮ್ಮ ಕಾಲು ಬಸ್ಸಿನ ಮೆಟ್ಟಿಲನ್ನೂ ಏರಲಿಲ್ಲ.

ಈಗ ಯಾವ ಮದುವೆ ಮನೆಗೆ ಹೋದರೂ ಹೆಂಗಸರ ಸಾಲಿನಲ್ಲಿ ಮಂಡಿಯದೇ ಮಾತು. ಯಾರೋ ಆಪರೇಷನ್ ಮಾಡಿಸಿಕೊಂಡು ತಿರುಪತಿ ಬೆಟ್ಟ ಹತ್ತಿ ಬಂದರಂತೆ, ಅದನ್ನು ಕೇಳುತ್ತಿದ್ದಂತೆ ಇನ್ನೊಬ್ಬರು ನಿಮ್ಮನ್ನು ತೋರಿಸಿ, “ಅವ್ರ ಕಾಲು ನೋಡಿದ್ಮೇಲೂ ಮಾಡಿಸ್ಕತೀಯಾ?” ಎನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನ್ನ ತಪ್ಪಿಗೆ ಡಾಕ್ಟರಿಗೆ ಬೈಗುಳ. ನಾನು ಎಲೆಯ ಮುಂದೆ ತಲೆ ಬಗ್ಗಿಸಿ ಕೂತಿರುತ್ತೇನೆ.

ಬಲಗಾಲಿನ ಭಾರವನ್ನೂ ಹೊತ್ತು ನಿಮ್ಮ ಎಡಮಂಡಿ ಈಗ ಕುಸಿದಿದೆ. ಅದಕ್ಕೂ ಆಪರೇಷನ್ ಮಾಡಿಸದಿದ್ದರೆ ಹಾಸಿಗೆಯೇ ಗತಿ ಎಂದಿದ್ದಾರೆ ಡಾಕ್ಟರು. ನಿಮ್ಮ ಮಗ ಶಿವು ಫೋನು ಮಾಡಿ, “ಅತ್ತೆ, ನೀವಾದ್ರೂ ಹೇಳಿ, ಅಮ್ಮ ನಿಮ್ಮ ಮಾತು ಕೇಳ್ತಾಳೆ” ಎಂದು ಅಂಗಲಾಚಿದ. ಹೋದ ವಾರ ಬಂದೆ. ನೀವು ನನ್ನ ಕೈ ಹಿಡಿದುಕೊಂಡು ಶಿವುಗೆ ಹೇಳಿದಿರಿ: “ಕಮಲ ಮಗೀನಂಗೆ ನೋಡ್ಕೊಂಡ್ಲು ಕಣ್ಲಾ. ಇವಳು ಅಷ್ಟು ಮಾಡಿದ್ರೂ ಬಗ್ಗದ ಕಾಲು, ಇನ್ಯಾರು ಮಾಡಿದ್ರೆ ಬಗ್ಗೀತು?”

ನಾನು ಮುದ್ದೆ ಮುರಿದು ಉಂಡು, ಏನೂ ಹೇಳದೆ ಬಸ್ಸು ಹತ್ತಿದೆ. ಆ ಹಳೆಯ ಸುಳ್ಳಿಗಿಂತ ಅಂದಿನ ನನ್ನ ಮೌನವೇ ಹೆಚ್ಚು ಪಾಪ ಅನ್ನಿಸುತ್ತಿದೆ.

ನಾಳೆ ಮತ್ತೆ ಬರುತ್ತೇನೆ. ಇದನ್ನು ಶಿವುವಿನ ಎದುರಿಗೇ ಓದುತ್ತೇನೆ. ಹೋಗಲಿ ಬಿಡು ಎನ್ನಬೇಡಿ ಅತ್ತಿಗೆ, ಬಯ್ಯಿರಿ. ಆಮೇಲೆ ಆಪರೇಷನ್‌ಗೆ ಒಪ್ಪಿಕೊಳ್ಳಿ. ಶಿವುವಿನ ಹೆಂಡತಿಯ ಕೈ ಒರಟು ಎಂದು ನಾನೇ ನಿಮ್ಮೆದುರು ಆಡಿಕೊಂಡಿದ್ದೆ. ಈ ಸಲ ಆ ಕೈಯೇ ನಿಮ್ಮ ಕಾಲು ಮಡಿಸಲಿ. ನೀವು ಅತ್ತರೂ ಅವಳು ಬಿಡದಿರಲಿ. ನಾನು ಹೊರಗೆ ಜಗಲಿಯ ಮೇಲೆ ಕೂತು ನಿಮ್ಮ ಅಳು ಕೇಳಿಸಿಕೊಳ್ಳುತ್ತೇನೆ. ಒಳಗೆ ಬರುವುದಿಲ್ಲ.