ನಾನೇ ಬರೆದ ಮೂವತ್ತಾರು

ನಿಮ್ಮ ವಯಸ್ಸೆಷ್ಟು? ಸಿಟ್ಟಾಗಬೇಡಿ, ಸುಮ್ಮನೆ ಕೇಳಿದೆ. ಉತ್ತರ ಹೇಳುವ ಮೊದಲು ಒಂದು ಗಳಿಗೆ ತಡೆದಿರಿ ತಾನೆ? ಸ್ಕೂಲಿನ ವಯಸ್ಸು ಹೇಳುವುದೋ, ಅಮ್ಮ ಹೇಳುತ್ತಿದ್ದ ವಯಸ್ಸು ಹೇಳುವುದೋ ಅಂತ?

ನಮ್ಮ ದೊಡ್ಡಬಳ್ಳಾಪುರದಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ ಎರಡು ವಯಸ್ಸು. ಮೇಷ್ಟ್ರಾಗಿ ನಾನೇ ಅರ್ಧ ಪೇಟೆಯ ಮಕ್ಕಳನ್ನು ಜೂನ್ ಒಂದನೇ ತಾರೀಕು ಹುಟ್ಟಿಸಿದ್ದೇನೆ. (ಅಪ್ಪಂದಿರಿಗೆ ನೆನಪಿರುವುದಿಲ್ಲ, ರಿಜಿಸ್ಟರಿನಲ್ಲಿ ಜಾಗ ಖಾಲಿ ಬಿಡುವಂತಿಲ್ಲ. ಇನ್ನೇನು ಮಾಡಲಿ?) ಇದರಿಂದ ಯಾರ ಗಂಟೂ ಹೋಗಿಲ್ಲ ಎಂದು ಹೋದ ಸೋಮವಾರದವರೆಗೂ ನಂಬಿಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಗೌರಮ್ಮ ಮನೆಗೆ ಬಂದರು. ನಮ್ಮ ಹಿಂದಿನ ಬೀದಿಯವರು. ಗಂಡ ಚೌಡಪ್ಪನವರು ನೇಕಾರರು, ತೀರಿಕೊಂಡು ನಾಲ್ಕು ವರ್ಷವಾಯಿತು. ಇರುವ ಒಬ್ಬಳು ಮಗಳನ್ನು ನಂದಗುಡಿ ಕಡೆಗೆ ಕೊಟ್ಟಿದ್ದಾರೆ, ಅವಳ ಸಂಸಾರವೇ ಅವಳಿಗೆ ಹೊರೆ. ಗೌರಮ್ಮ ಇವತ್ತಿಗೂ ರಾಟೆಯ ಮುಂದೆ ಕೂತು ಮಗ್ಗದವರಿಗೆ ಕಂಡಿಕೆ ಸುತ್ತಿಕೊಡುತ್ತಾರೆ. (ಗೊತ್ತಿಲ್ಲದವರಿಗೆ: ಲಾಳಿಯೊಳಗೆ ಕೂರುವ ನೂಲಿನ ಸುರುಳಿ.) ನಾಲ್ಕು ಕಂಡಿಕೆ ಸುತ್ತುವಷ್ಟರಲ್ಲಿ ಉಬ್ಬಸ ಹತ್ತಿ ಗೋಡೆಗೆ ಒರಗುತ್ತಾರೆ.

ಡಾಕ್ಟರು ಎರಡು ಮಾತು ಹೇಳಿದ್ದಾರಂತೆ. ನೂಲಿನ ಧೂಳಿನಿಂದ ದೂರ ಇರಬೇಕು, ಮಾತ್ರೆ ತಪ್ಪಿಸಬಾರದು. ರಾಟೆ ಬಿಟ್ಟರೆ ಮಾತ್ರೆ ಎಲ್ಲಿಂದ ಬರಬೇಕು? ಅದನ್ನು ಡಾಕ್ಟರು ಹೇಳಿಲ್ಲ. ಕಾರ್ಖಾನೆಯ ಕೆಲಸಗಾರರಿಗಾದರೆ ವಿಮೆ ಇದೆ, ವಿಮೆಯ ಆಸ್ಪತ್ರೆ ಇದೆ. ಮನೆಯ ಮೂಲೆಯಲ್ಲಿ ಕೂತು ರಾಟೆ ತಿರುಗಿಸುವವರಿಗೆ ಯಾವ ವಿಮೆ? ಅವರ ಪಾಲಿಗೆ ಉಳಿದಿರುವುದು ಸರ್ಕಾರ ಕೊಡುವ ವೃದ್ಧಾಪ್ಯ ವೇತನ ಒಂದೇ. ಅದಕ್ಕೆ ಅರವತ್ತೈದು ತುಂಬಬೇಕಿತ್ತು. ಈಗ ಅರವತ್ತಕ್ಕೆ ಇಳಿಸಿದ್ದಾರೆಂದು ಯಾರೋ ಪೇಪರ್ ಓದಿ ಹೇಳಿದ್ದಾರೆ.

ಗೌರಮ್ಮನವರಿಗೆ ಅರವತ್ತಮೂರು. ಸಾವಿರದ ಒಂಬೈನೂರ ಇಪ್ಪತ್ತರಲ್ಲಿ ಪ್ಲೇಗಿಗೆ ಹೆದರಿ ಊರಾಚೆ ಗುಡಿಸಲು ಹಾಕಿಕೊಂಡಿದ್ದಾಗ ಹುಟ್ಟಿದವರು, ಲೆಕ್ಕ ತಪ್ಪುವಂತಿಲ್ಲ. ಅರ್ಜಿ ಬರೆದುಕೊಡಿ, ಜೊತೆಗೆ ತಾಲ್ಲೂಕು ಕಚೇರಿಗೂ ಬನ್ನಿ ಎಂದರು. ಸ್ಕೂಲಿಗೆ ಅರ್ಧ ದಿನ ರಜಾ ಹಾಕಿ ಹೊರಟೆ. ಸತ್ಯ ಹೇಳುತ್ತೇನೆ, ಉಪಕಾರ ಮಾಡುತ್ತಿದ್ದೇನೆಂದು ಸ್ವಲ್ಪ ಜಂಬವೂ ಇತ್ತು.

ಕಚೇರಿಯಲ್ಲಿ ಹೊಸದಾಗಿ ಬಂದ ಗುಮಾಸ್ತ. ಹುಡುಗ ಒಳ್ಳೆಯವನೇ, ಗೌರಮ್ಮನವರಿಗೆ ಸ್ಟೂಲ್ ಕೊಟ್ಟ. ವಯಸ್ಸಿಗೆ ದಾಖಲೆ ಕೇಳಿದ. ಅವರು ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹಳೆಯ ರೇಷನ್ ಕಾರ್ಡು ತೆಗೆದುಕೊಟ್ಟರು.

"ಇದ್ರಲ್ಲಿ ಮೂವತ್ತಾರು ಅಂತಿದೆ. ಬರ್ದು ಹದಿನೈದು ವರ್ಷ ಆಗಿದೆ. ಅಂದ್ರೆ ಈಗ ಐವತ್ತೊಂದು ಸಾರ್," ಎಂದ. ವೋಟರ್ ಲಿಸ್ಟ್ ತೆಗೆದು ನೋಡಿದ. ಅಲ್ಲೂ ಅದೇ. ಇದನ್ನು ನೋಡಿಯೇ ಅದನ್ನು ಬರೆದಿರಬೇಕು.

ನಾನು ಕಾರ್ಡಿನತ್ತ ಬಗ್ಗಿದೆ. ಬಾಲ ಉದ್ದವಿರುವ ಆ ಆರು, ಆ ನೀಲಿ ಮಸಿ. ನನ್ನದೇ ಅಕ್ಷರ.

ಆಗ ಮನೆಮನೆಗೆ ಹೋಗಿ ಕಾರ್ಡು ಬರೆಯುವ ಡ್ಯೂಟಿಯನ್ನು ಮೇಷ್ಟ್ರುಗಳ ತಲೆಗೆ ಕಟ್ಟಿದ್ದರು. (ಯಾವ ಡ್ಯೂಟಿ ಕಟ್ಟಿಲ್ಲ ಹೇಳಿ?) ಪೇಟೆಗೆ ಪವರ್‌ಲೂಮ್ ಬರುತ್ತಿದ್ದ ಕಾಲ. ಕೈಮಗ್ಗ ಒಂದೊಂದಾಗಿ ನಿಲ್ಲುತ್ತಿತ್ತು. ಹೊಸ ಮಗ್ಗದ ಮಾಲೀಕರು ನಲವತ್ತು ದಾಟಿದವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಐವತ್ತರ ಚೌಡಪ್ಪನವರು ತಲೆಗೆ ಕಪ್ಪು ಹಚ್ಚಿಕೊಂಡು ಮೂವತ್ತೆಂಟು ಎಂದು ಹೇಳಿ ಒಂದು ಮಗ್ಗ ಹಿಡಿದಿದ್ದರು. ಮಾಲೀಕರು ಎದುರು ಮನೆಯವರೇ. ಕಾರ್ಡಿನಲ್ಲಿ ಐವತ್ತು ಎಂದು ಬಿದ್ದರೆ ಮಗ್ಗ ಹೋಯಿತು ಎಂದು ಕೈ ಮುಗಿದರು. ಮೂವತ್ತೆಂಟು ಬರೆದೆ.

ಹೆಂಡತಿಗೆ ಎಷ್ಟು ಎಂದು ಕೇಳಿದೆ. ಬಾಗಿಲ ಹಿಂದಿನಿಂದ ಗೌರಮ್ಮ ನಲವತ್ತೆಂಟು ಎಂದರು. ನಾನೂ ಚೌಡಪ್ಪನವರೂ ಮುಖ ಮುಖ ನೋಡಿಕೊಂಡು ನಕ್ಕೆವು. ಗಂಡನಿಗಿಂತ ಹೆಂಡತಿ ಹತ್ತು ವರ್ಷ ದೊಡ್ಡವಳೆ? ಬೀದಿಯವರು ಏನಂದಾರು? ನನಗಿಂತ ಎರಡು ವರ್ಷ ಕಮ್ಮಿ ಹಾಕಿಬಿಡಿ ಎಂದರು ಚೌಡಪ್ಪನವರು. ಮೂವತ್ತಾರು ಹಾಕಿದೆ. ಗೌರಮ್ಮ ಕಾಫಿ ಕೊಟ್ಟರು. ಒಂದು ಸಂಸಾರದ ಅನ್ನ ಉಳಿಸಿದೆನೆಂಬ ಖುಷಿಯಲ್ಲಿ ಮುಂದಿನ ಮನೆಗೆ ಹೋದೆ.

ಸರ್ಕಾರ ಈಗ ಯೋಚಿಸಿ ಯೋಚಿಸಿ ಐದು ವರ್ಷ ಇಳಿಸಿದೆ. ನಾನು ಆವತ್ತು ಕಾಫಿ ಆರುವುದರೊಳಗೆ ಹನ್ನೆರಡು ಇಳಿಸಿದ್ದೆ.

ಗುಮಾಸ್ತ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಂದು ದಾರಿ ಇದೆ ಎಂದ. "ಇದನ್ನ ಬರ್ದಿರೋ ಮೇಷ್ಟ್ರು ಸಿಕ್ಕಿ, ವಯಸ್ಸು ಗೊತ್ತಿದ್ದೂ ತಪ್ಪು ಬರ್ದೆ ಅಂತ ಸ್ಟೇಟ್‌ಮೆಂಟ್ ಕೊಟ್ರೆ ಮೇಲಕ್ಕೆ ಕಳಿಸ್ತೀನಿ. ಯಾರಮ್ಮ ಅವ್ರು? ಇದಾರಾ?"

ಗೊತ್ತಿದ್ದೂ ತಪ್ಪು ಬರೆದೆ. ಸರ್ಕಾರಿ ನೌಕರ, ಸರ್ಕಾರಿ ದಾಖಲೆಯಲ್ಲಿ. ನನಗೆ ರಿಟೈರ್‌ಮೆಂಟಿಗೆ ಎಂಟು ತಿಂಗಳಿದೆ. ಪೆನ್ಷನ್ ಕಾಗದ ಹೋದ ತಿಂಗಳಷ್ಟೇ ಬೆಂಗಳೂರಿಗೆ ಹೋಗಿದೆ. (ಐವತ್ತೈದಕ್ಕೆ ನನ್ನನ್ನು ಮುದುಕ ಎಂದು ಮನೆಗೆ ಕಳಿಸುವ ಸರ್ಕಾರಕ್ಕೆ ಗೌರಮ್ಮ ಮುದುಕಿಯಾಗಲು ಅರವತ್ತು ಬೇಕು. ಇದನ್ನು ಯಾರನ್ನು ಕೇಳುವುದು?) ಜೇಬಿನಲ್ಲಿದ್ದ ಪೆನ್ನಿನ ಮುಚ್ಚಳ ಬಿಗಿ ಮಾಡಿದೆ.

ಗೌರಮ್ಮ ನನ್ನ ಕಡೆ ತಿರುಗಲೇ ಇಲ್ಲ.

"ಯಾರೋ ಬಂದಿದ್ರು ಸ್ವಾಮಿ. ಯಾವೂರೋರೋ ಏನೋ. ಜ್ಞಾಪಕ ಇಲ್ಲ," ಎಂದರು.

ಗುಮಾಸ್ತ ಅರ್ಜಿ ವಾಪಸ್ಸು ಕೊಟ್ಟ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅವರಿಗೆ ಉಸಿರು ಸಿಗಲು ಹೊತ್ತು ಹಿಡಿಯಿತು. ಡಾಕ್ಟರ ಸರ್ಟಿಫಿಕೇಟ್ ಕೇಳೋಣ, ದೊಡ್ಡ ಸಾಹೇಬರನ್ನು ನೋಡೋಣ ಎಂದೆಲ್ಲ ಬಡಬಡಿಸಿದೆ. ಅವರು ಕಾರ್ಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಿದ್ದರು.

"ಬಿಡಿ ಮೇಷ್ಟ್ರೇ. ಆವತ್ತು ನೀವು ಬರೀದಿದ್ರೆ ನಮ್ಮೋರ್ಗೆ ಮಗ್ಗ ಎಲ್ಲಿ ಉಳೀತಿತ್ತು? ನಿಮ್ಗೂ ಮಕ್ಳು ಮರಿ ಇದಾರೆ. ಇನ್ನೊಂದೊಂಬತ್ತು ವರ್ಷ ತಾನೆ, ಹೆಂಗೋ ಆಯ್ತದೆ."

ಒಂಬತ್ತು ವರ್ಷ! ಮನೆಗೆ ನಡೆಯುವಾಗಲೇ ಅವರು ಮೂರು ಕಡೆ ನಿಂತರು.

ಅವರು ಬಿಡಿ ಎಂದಾಗ ನನಗೆ ದುಃಖವಾಯಿತು ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಮೊದಲು ಆದದ್ದು ನಿರಾಳ. ನಾಚಿಕೆ ಬಂದದ್ದು ಆಮೇಲೆ, ಮಾರನೆಯ ದಿನ ಅವರ ಮನೆಯ ಮುಂದೆ ಹಾದು ಹೋಗುವಾಗ, ಒಳಗೆ ರಾಟೆ ತಿರುಗುವ ಸದ್ದು ಕೇಳಿ. ಈಗ ಸ್ಕೂಲಿಗೆ ಸುತ್ತು ಬಳಸಿ ಹೋಗುತ್ತಿದ್ದೇನೆ.

ಇವತ್ತು ಪೆನ್ನು ಹಿಡಿದು ಕೂತರೆ ನೋಡಿ, ಒಂದೇ ಉಸಿರಿಗೆ ಎಲ್ಲ ಬರೆದುಬಿಟ್ಟೆ. ಅವರ ಹೆಸರನ್ನು ಬದಲಿಸಿದ್ದೇನೆ, ನನ್ನ ಹೆಸರಂತೂ ಈ ಅಂಕಣದಲ್ಲಿ ಯಾವತ್ತೂ ಇರುವುದಿಲ್ಲ. ಉಳಿದದ್ದೆಲ್ಲ ನಿಜ.

ಬರೆದುಕೊಡಬೇಕಾಗಿದ್ದ ಕಾಗದ ಮಾತ್ರ ಇದಲ್ಲ.