ಸವದತ್ತಿಯಲ್ಲಿ ಆಗದ ಮದುವೆ

ಗೆಳೆಯರೇ, ಇವತ್ತು ನನ್ನ ಫೋಟೊ ಸ್ಟುಡಿಯೊದಲ್ಲಿ ಒಬ್ಬ ಮನುಷ್ಯ ತನ್ನ ಮುಖವನ್ನೇ ನಂಬಲಿಲ್ಲ.

ಹೋದ ವಾರ ಇಲ್ಲೇ ಬೈಲಹೊಂಗಲದಲ್ಲಿ ಅವರ ಮಗಳ ಮದುವೆಯ ಫೋಟೊ ತೆಗೆದಿದ್ದೆ. ಇವತ್ತು ನಾನು ಕಳಿಸಿದ್ದ ಫೋಟೊಗಳನ್ನು ಮೊಬೈಲಿನಲ್ಲಿ ತೆರೆದು ಹಿಡಿದು ಬುಸುಗುಡುತ್ತಾ ಬಂದರು.

"ಫೋಟೊದ ಕೆಳಗ ಸವದತ್ತಿ ಅಂತ ತೋರಸಾಕತ್ತೇತಿ. ಯಾರದೋ ಮದವಿ ಫೋಟೊ ನಮಗ ಕೊಟ್ಟೀರಿ!"

"ಕಾಕಾರ, ಇದರಾಗ ಅಕ್ಕಿಕಾಳ ಹಾಕಾಕತ್ತವರು ನೀವ ಅದೀರಲ್ರಿ?"

"ಮಾರಿ ನಂದ ಐತಿ, ಒಪ್ಪತೇನಿ. ಆದ್ರ ಫೋನ್ ಸುಳ್ಳ ಹೇಳತೈತೇನ್ರಿ? ಬೀಗರು ನೋಡಿದ್ರ ಏನಂದಾರು? ಈ ಫೋಟೊದ ಆಲ್ಬಮ್ ನಮಗ ಬ್ಯಾಡ."

ಆಗಿದ್ದಿಷ್ಟೇ. ನನ್ನ ಕ್ಯಾಮೆರಾಕ್ಕೆ ಊರು ಯಾವುದೆಂದು ಹೇಳುವುದು ಅದಕ್ಕೆ ಜೋಡಿಸಿದ ನನ್ನ ಫೋನು. ಮದುವೆಯ ಹಿಂದಿನ ದಿನ ಸವದತ್ತಿಯಲ್ಲಿ ಒಂದು ಕುಬಸದ, ಅಂದರೆ ಸೀಮಂತದ, ಫೋಟೊ ತೆಗೆದು, ಬ್ಯಾಟರಿ ಉಳಿಯಲೆಂದು ಫೋನಿನ ಲೊಕೇಶನ್ ಆಫ್ ಮಾಡಿದ್ದೆ. ಕ್ಯಾಮೆರಾ ಹಳೆಯ ಊರನ್ನೇ ಹಿಡಿದು ಕೂತಿತ್ತು. ಇದನ್ನೆಲ್ಲ ಬಿಡಿಸಿ ಹೇಳಿದರೂ ಅವರು ಕೇಳಲಿಲ್ಲ.

ಕೊನೆಗೆ ಲೊಕೇಶನ್ ಆನ್ ಮಾಡಿ, ಕ್ಯಾಮೆರಾವನ್ನು ಮತ್ತೆ ಜೋಡಿಸಿ, ಅಲ್ಲೇ ಅವರದ್ದೊಂದು ಫೋಟೊ ತೆಗೆದು ಅವರ ಮೊಬೈಲಿಗೇ ಕಳಿಸಿ ತೋರಿಸಿದೆ. ಕೆಳಗೆ ಬೈಲಹೊಂಗಲ ಎಂದು ಬಂತು.

"ಹಾಂ, ಈಗ ಖಾತ್ರಿ ಆತ ನೋಡ್ರಿ. ಇದು ನಾನ!"

ಮನೆಯ ಕನ್ನಡಿಯಂತೂ ಊರ ಹೆಸರು ತೋರಿಸುವುದಿಲ್ಲ. ಪಾಪ, ಇಷ್ಟು ವರ್ಷ ಅದರ ಮುಂದೆ ನಿಂತು ಯಾರ ಗಡ್ಡ ಬೋಳಿಸಿದರೋ!