ದೇವದೂತನ ಅಂಗಾಲಿನ ಬೊಟ್ಟು

ಕುಂದಾಪುರದ ಹತ್ತಿರದ ಒಂದು ಇಗರ್ಜಿಯ ಚಾವಣಿಯಲ್ಲಿ ಯುರೋಪಿನ ರೊಕೊಕೊ ಶೈಲಿಯ ಹಳೆಯ ಚಿತ್ರವಿದೆ. ಗುಲಾಬಿ ಮೋಡಗಳ ನಡುವೆ ಮೇರಿಮಾತೆ, ಸುತ್ತಲೂ ಚೂರು ಬಟ್ಟೆಯಿಲ್ಲದೆ ಹಾರಾಡುವ ಗುಂಡುಗುಂಡು ದೇವದೂತರು. ಉಪ್ಪುಗಾಳಿಗೆ ಬಣ್ಣ ಚಕ್ಕೆಯೆದ್ದಿತ್ತು. ಸರಿಮಾಡಲು ನನ್ನನ್ನು ಕರೆಸಿದ್ದರು. "ಹಳೆಯದರಲ್ಲಿ ಇಲ್ಲದ ಒಂದು ಚುಕ್ಕೆಯೂ ಸೇರಬಾರದು," ಎಂದು ಫಾದರ್ ಮೊದಲೇ ತಾಕೀತು ಮಾಡಿದ್ದರು.

ಒಂದು ಬೆಳಿಗ್ಗೆ ಫಾದರ್ ಅವರ ಅಡುಗೆಮನೆಗೆ ಮೀನು ಕೊಟ್ಟ ಅಜ್ಜಿಯೊಬ್ಬರು ಬುಟ್ಟಿಯನ್ನು ಹೊರಗಿಟ್ಟು ಒಳಬಂದು ತಲೆಯೆತ್ತಿ ನೋಡಿದರು.

"ಹ್ವಾಯ್, ಇಷ್ಟ್ ಚಂದದ್ ಮಕ್ಕಳಿಗೆ ಒಂದ್ ದೃಷ್ಟಿಬೊಟ್ಟೂ ಇಲ್ಯಲೆ ಮರ್ರೆ!"

ಅಟ್ಟಣಿಗೆಯ ಮೇಲಿಂದಲೇ ಹೇಳಿದೆ: "ಅವು ದೇವದೂತರ್ ಅಜ್ಜಿ, ಅವ್ಕೆ ಯಾರ್ ದೃಷ್ಟಿ ತಾಗತ್ತ್?"

"ಮತ್ತೆ ಆ ಮಗಿನ್ ಕೆನ್ನಿ ಎಂತಕ್ಕೆ ಕಿತ್ಕಂಡ್ ಬಂತ್?"

ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತೇ ಇದ್ದರು. ಕೊನೆಗೆ ಸೋತು, ಆ ಮಗುವಿನ ಅಂಗಾಲಿಗೆ ಸಣ್ಣದೊಂದು ಕಪ್ಪು ಬೊಟ್ಟಿಟ್ಟೆ. ಅವರು ನೆಟಿಕೆ ಮುರಿದು, ಬುಟ್ಟಿ ಹೊತ್ತು ಹೋದರು.

ಸಂಜೆ ಫಾದರ್ ಬಂದರು. ಅಷ್ಟು ದೊಡ್ಡ ಸ್ವರ್ಗದಲ್ಲಿ ಅವರ ಕಣ್ಣು ನೇರ ಆ ಅಂಗಾಲಿಗೇ ಹೋಗಿ ನಿಂತಿತು. ಕೆಲಸ ಹೋಯಿತೆಂದು ಕುಂಚ ತೊಳೆಯತೊಡಗಿದೆ.

"ಇದೆಂತ, ಒಂದಕ್ಕೆ ಮಾತ್ರವಾ?" ಎಂದರು ಫಾದರ್. "ಉಳಿದ ಮಕ್ಕಳು ಎಂತ ಪಾಪ ಮಾಡಿದ್ವು?"